ಮನೆಯ ಮರವೂ ನಗರದ ಅನುಮತಿಯೂ

ನಮ್ಮ ನಿವೇಶನದಲ್ಲಿ ಬೆಳೆದ ಮರ ನಮ್ಮದೇ ಎಂದು ನಾವೆಲ್ಲರೂ ಭಾವಿಸುತ್ತೇವೆ. ಅದರ ಹಣ್ಣನ್ನು ಕಿತ್ತು ತಿನ್ನುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಅದರ ನೆರಳಿನಲ್ಲಿ ಕುಳಿತುಕೊಳ್ಳುವುದಕ್ಕೆ ತೆರಿಗೆಯಿಲ್ಲ. ಆದರೆ ಅದೇ ಮರವನ್ನು ಬುಡಸಮೇತ ಕಡಿಯುವುದಕ್ಕೆ ಹೊರಟೆವಾದರೆ ಮಾತ್ರ ನಗರವು ಅಡ್ಡಬಂದು ‘ಏಕೆ?’ ಎಂದು ಕೇಳುತ್ತದೆ. ಮನೆಯ ಗೋಡೆಯನ್ನು ಕೆಡವಿ ಬೇರೊಂದನ್ನು ಕಟ್ಟಿಕೊಂಡರೆ ಆಗುವ ನಷ್ಟ ಹಣದಿಂದ ತುಂಬಿಬರುವಂಥದು. ಮರದ ವಿಷಯ ಹಾಗಲ್ಲ. ಅದನ್ನು ಕೆಡಹುವುದು ಅರ್ಧ ದಿವಸದ ಕೆಲಸ. ಮತ್ತೆ ಅದೇ ಗಾತ್ರಕ್ಕೆ ಬೆಳೆಸುವುದು ಒಂದು ತಲೆಮಾರಿನ ಕೆಲಸ. ಈ ಎರಡು ಕಾಲಾವಧಿಗಳ ನಡುವಣ ಅಗಾಧವಾದ ಅಂತರವೇ ಇಂಥ ಕಾನೂನುಗಳಿಗೆಲ್ಲ ಮೂಲ.

ನಗರವು ಈ ಪ್ರಶ್ನೆಯನ್ನು ಹೇಗೆ ತೀರ್ಮಾನಿಸುತ್ತದೆ? ಯಾವ ಮರ ಉಳಿಯಬೇಕು, ಯಾವುದು ಹೋಗಬಹುದು ಎಂಬುದನ್ನು ಹೇಳುವವರು ಯಾರು? ಅವರು ಏನನ್ನು ನೋಡುತ್ತಾರೆ, ಏನನ್ನು ಅಳೆಯುತ್ತಾರೆ? ಮೇಲುನೋಟಕ್ಕೆ ಇದು ಕಚೇರಿಯ ಕಾಗದಪತ್ರಗಳ ವ್ಯವಹಾರವೆಂದು ತೋರುತ್ತದೆ. ಒಳಹೊಕ್ಕು ನೋಡಿದರೆ ಸಸ್ಯಶಾಸ್ತ್ರ, ಭೌತಶಾಸ್ತ್ರ, ಅಂಕಗಣಿತ ಇವೆಲ್ಲವೂ ಅಲ್ಲಿ ಸೇರಿಕೊಂಡಿರುವುದು ಕಂಡುಬರುತ್ತದೆ. ಬೆಂಗಳೂರನ್ನೇ ಮುಖ್ಯ ನಿದರ್ಶನವಾಗಿಟ್ಟುಕೊಂಡು ಇದನ್ನು ವಿಚಾರ ಮಾಡೋಣ.

ನೆರಳಿನ ಒಡೆತನ

ಮೊದಲನೆಯದಾಗಿ, ಖಾಸಗಿ ಹಿತ್ತಿಲಿನ ಮರದಲ್ಲಿ ಊರಿಗೇನು ಪಾಲು? ಮರದ ಬುಡ ಒಬ್ಬನ ನೆಲದಲ್ಲಿರಬಹುದು. ಅದರ ಕೆಲಸ ಮಾತ್ರ ಬೇಲಿಯೊಳಗೆ ನಿಲ್ಲುವುದಿಲ್ಲ. ಬೇರು ಹೀರಿದ ನೀರು ಎಲೆಗಳ ಸೂಕ್ಷ್ಮರಂಧ್ರಗಳ ಮೂಲಕ ಆವಿಯಾಗಿ ಹೊರಬೀಳುತ್ತದೆ. ಒಂದು ಲೀಟರು ನೀರು ಆವಿಯಾಗಬೇಕಾದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ಜೌಲ್ ಶಾಖ ಬೇಕು. ಆ ಶಾಖವು ಸುತ್ತಲಿನ ಗಾಳಿಯಿಂದಲೂ ಬಿಸಿಲಿನಿಂದಲೂ ಒದಗುತ್ತದೆ. ದೊಡ್ಡ ಮರವೊಂದು ದಿನಕ್ಕೆ 100 ಲೀಟರು ನೀರನ್ನು ಹೀಗೆ ಹೊರಬಿಟ್ಟಿತೆಂದು ಇಟ್ಟುಕೊಂಡರೆ, ಅದು ಕಳೆದ ಶಾಖ ಸುಮಾರು 68 ಯೂನಿಟ್ ವಿದ್ಯುತ್ತಿಗೆ ಸಮ. ಇದರ ಮೇಲೆ ನೆರಳಿನ ಉಪಕಾರ ಬೇರೆ.

ಬೆಂಗಳೂರಿನ ಬೀದಿಗಳಲ್ಲಿಯೇ ಇದನ್ನು ಅಳೆದು ನೋಡಿದ್ದಾರೆ. ಲಯೊನೆಲ್ ಸುಜಯ್ ವೈಲಶೇರಿ, ಮಧುಮಿತಾ ಜಗನ್ಮೋಹನ್ ಮತ್ತು ಹರಿಣಿ ನಾಗೇಂದ್ರ ಇವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮರಗಳಿರುವ ಬೀದಿಯ ಭಾಗವನ್ನೂ ಮರಗಳಿಲ್ಲದ ಭಾಗವನ್ನೂ ಹೋಲಿಸಿದರು. ಮಧ್ಯಾಹ್ನದ ವೇಳೆ ಮರಗಳಿರುವಲ್ಲಿ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ನವರೆಗೂ ಕಡಮೆಯಾಗಿತ್ತು. ರಸ್ತೆಯ ಮೇಲ್ಮೈಯ ಉಷ್ಣತೆಯಲ್ಲಿ 27.5 ಡಿಗ್ರಿಗಳವರೆಗೂ ವ್ಯತ್ಯಾಸವಿತ್ತು. ಡಾಂಬರಿನ ಮೇಲೆ ಬರಿಗಾಲಿನಲ್ಲಿ ನಡೆಯುವವನಿಗೆ ಈ ಅಂಕಿಗಳ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಹೀಗೆ ಮರದ ಸೌದೆ, ಹಣ್ಣು ನೆಲದೊಡೆಯನವು. ತಂಪು ಮಾತ್ರ ಬೀದಿಯವರೆಲ್ಲರದು. ಯಾರೊಬ್ಬನೂ ಬೆಲೆ ಕೊಡದೆ ಎಲ್ಲರೂ ಅನುಭವಿಸುವ ಇಂಥ ಪ್ರಯೋಜನವನ್ನು ಒಡೆಯನೊಬ್ಬನ ಇಚ್ಛೆಗೇ ಬಿಟ್ಟುಬಿಟ್ಟರೆ, ಅವನು ತನ್ನ ಲಾಭನಷ್ಟವನ್ನಷ್ಟೇ ಎಣಿಸಿಕೊಳ್ಳುತ್ತಾನೆ. ಇದು ಅವನ ದುಷ್ಟತನವಲ್ಲ, ಮನುಷ್ಯಸ್ವಭಾವ. ಲೆಕ್ಕದಿಂದ ಹೊರಗುಳಿದ ನೆರೆಯವರ ಪಾಲನ್ನು ಲೆಕ್ಕದೊಳಕ್ಕೆ ತರುವುದೇ ಅನುಮತಿಯ ಉದ್ದೇಶ.

1976ರ ಅಧಿನಿಯಮ

ಇಂಥ ಕಾನೂನುಗಳು ನಮ್ಮಲ್ಲಿ ಮಾತ್ರವೇ ಇರುವಂಥವಲ್ಲ. ಇಂಗ್ಲೆಂಡಿನಲ್ಲಿ 1947ರ ನಗರ ಯೋಜನಾ ಶಾಸನದ ಕಾಲಕ್ಕೆ, ಸ್ಥಳೀಯ ಆಡಳಿತವು ನಿರ್ದಿಷ್ಟವಾದ ಒಂದು ಮರವನ್ನೇ ಹೆಸರಿಸಿ ರಕ್ಷಣಾಜ್ಞೆಯನ್ನು ಹೊರಡಿಸಬಹುದಾಗಿತ್ತು, ಈಗಲೂ ಹೊರಡಿಸಬಹುದು. ಭಾರತದಲ್ಲಿ ಮಹಾರಾಷ್ಟ್ರವು 1975ರಲ್ಲಿ ನಗರಪ್ರದೇಶಗಳ ಮರಗಳಿಗಾಗಿ ಕಾನೂನು ಮಾಡಿತು. ಮರುವರ್ಷ, 1976ರಲ್ಲಿ, ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಬಂದಿತು. ದೆಹಲಿಯ ಕಾನೂನು 1994ರದು. ಬೆಂಗಳೂರಿನ ಆಡಳಿತ ಸಂಸ್ಥೆಗಳ ಹೆಸರೂ ಸ್ವರೂಪವೂ ಮಧ್ಯೆ ಹಲವು ಬಾರಿ ಬದಲಾಗಿವೆ. ಮರ ಕಡಿಯುವವನು ಮಾತ್ರ ಹೋಗಬೇಕಾದುದು ಈ 1976ರ ಕಾನೂನಿನ ಬಾಗಿಲಿಗೇ.

ಅದರ ತಿರುಳು ಸರಳವಾದುದು. ತನ್ನ ಸ್ವಂತ ಜಮೀನಿನಲ್ಲಿಯೇ ಆಗಲಿ, ಬೇರೆಯವರದರಲ್ಲಿಯೇ ಆಗಲಿ, ವೃಕ್ಷಾಧಿಕಾರಿಯ ಪೂರ್ವಾನುಮತಿಯಿಲ್ಲದೆ ಯಾರೂ ಮರವನ್ನು ಕಡಿಯಕೂಡದು. ಕಡಿಯಬೇಕೆನ್ನುವವನು ಲಿಖಿತವಾಗಿ ಅರ್ಜಿ ಕೊಡಬೇಕು. ನಿವೇಶನದ ನಕ್ಷೆ, ಮರಗಳ ಸಂಖ್ಯೆ, ಜಾತಿ, ಸುತ್ತಳತೆ, ಕಡಿಯುವುದಕ್ಕೆ ಕಾರಣ ಇವು ಅದರಲ್ಲಿರಬೇಕು. ಅಧಿಕಾರಿಯು ಮರವನ್ನು ಪರೀಕ್ಷಿಸಿ, ಬೇಕಾದ ವಿಚಾರಣೆ ನಡೆಸಿ, ಅನುಮತಿಯನ್ನು ಪೂರ್ತಿಯಾಗಿ ಕೊಡಬಹುದು, ಭಾಗಶಃ ಕೊಡಬಹುದು, ಇಲ್ಲವೆ ನಿರಾಕರಿಸಬಹುದು. ನಿರಾಕರಣೆಯಿಂದ ನೊಂದವನಿಗೆ ವೃಕ್ಷ ಪ್ರಾಧಿಕಾರದ ಮುಂದೆ ಮೇಲ್ಮನವಿಯ ದಾರಿಯುಂಟು. ತೆಂಗು, ಗಾಳಿ, ನೀಲಗಿರಿ, ಸಿಲ್ವರ್ ಓಕ್ ಮೊದಲಾಗಿ ಬೆಳೆಯಂತೆ ನೆಟ್ಟು ಕೊಯ್ಯುವ ಕೆಲವು ಜಾತಿಗಳಿಗೆ ಈ ನಿರ್ಬಂಧದಿಂದ ವಿನಾಯಿತಿಯಿದೆ.

ಯಾವ ಸಂದರ್ಭಗಳಲ್ಲಿ ಅನುಮತಿಯನ್ನು ನಿರಾಕರಿಸಬಾರದು ಎಂಬುದನ್ನೂ ಕಾನೂನು ಎಣಿಸಿ ಹೇಳುತ್ತದೆ. ಮರ ಸತ್ತಿದ್ದರೆ, ರೋಗಗ್ರಸ್ತವಾಗಿದ್ದರೆ, ಗಾಳಿಗೆ ಉರುಳಿದ್ದರೆ, ಪ್ರಾಣಕ್ಕೋ ಆಸ್ತಿಗೋ ಅಪಾಯಕಾರಿಯಾಗಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಬೆಂಕಿ, ಸಿಡಿಲು, ಮಳೆಗಳಿಂದ ಬಹುಮಟ್ಟಿಗೆ ಹಾಳಾಗಿದ್ದರೆ, ಕಡಿದಾದ ಇಳಿಜಾರಿನಲ್ಲಿಲ್ಲದ ಮರವು ವನಕೃಷಿಯ ದೃಷ್ಟಿಯಿಂದ ಬಲಿತಿದ್ದರೆ ಎಂಬ ಕಾರಣಗಳು ಅಲ್ಲಿವೆ. ಗ್ರಾಮಾಂತರದಲ್ಲಿ ಸೌದೆ, ಮೇವು, ನೇಗಿಲು ಮೊದಲಾದ ಗೃಹಕೃತ್ಯದ ಅಗತ್ಯವೂ ಒಂದು ಕಾರಣ.

ಈ ಪಟ್ಟಿಯಲ್ಲಿ ಇಲ್ಲದಿರುವುದನ್ನೂ ವಾಚಕರು ಗಮನಿಸಬೇಕು. ಎಲೆಗಳು ಉದುರಿ ಅಂಗಳ ಗಲೀಜಾಗುತ್ತದೆ ಎಂಬುದು ಅಲ್ಲಿಲ್ಲ. ಕಾಗೆಗಳು ಕೂತು ಕಾರಿನ ಮೇಲೆ ಹಿಕ್ಕೆ ಹಾಕುತ್ತವೆ ಎಂಬುದಿಲ್ಲ. ಅಂಗಡಿಯ ಹಲಗೆ ರಸ್ತೆಗೆ ಕಾಣಿಸುವುದಿಲ್ಲ ಎಂಬುದೂ ಇಲ್ಲ. ಇಂಥ ಕಿರುಕುಳಗಳು ನಿಜವಾದವೇ. ಆದರೆ ಪೊರಕೆಯಿಂದಲೋ ಕೈಗತ್ತರಿಯಿಂದಲೋ ಪರಿಹಾರವಾಗುವ ತೊಂದರೆಗೆ ಕೊಡಲಿಯನ್ನು ತರಬಾರದೆಂಬುದು ಅದರ ಭಾವ.

‘ವನಕೃಷಿಯ ದೃಷ್ಟಿಯಿಂದ ಬಲಿತ ಮರ’ ಎಂಬ ಮಾತು ಮಾತ್ರ ಯೋಚನೆಗೆಡೆಗೊಡುತ್ತದೆ. ಅರಣ್ಯಶಾಸ್ತ್ರಜ್ಞನಿಗೆ ಮರದ ಮುಖ್ಯ ಫಲ ಮೋಪು. ವರ್ಷದಿಂದ ವರ್ಷಕ್ಕೆ ಸೇರುವ ಮೋಪಿನ ಪ್ರಮಾಣ ಇಳಿಯತೊಡಗಿದಾಗ ಮರ ಬಲಿತಿತೆಂದು ಅವನು ಲೆಕ್ಕಹಾಕುತ್ತಾನೆ. ಕಡಿದು ಹೊಸದನ್ನು ನೆಡುವುದು ಆಗ ಲಾಭಕರ. ನಗರದಲ್ಲಿ ಮರದ ಫಲ ಮೋಪಲ್ಲ, ನೆರಳು. ಕಾಂಡದ ಬೆಳವಣಿಗೆ ನಿಧಾನವಾಗುವ ವಯಸ್ಸಿಗೇ ಮರದ ಹಂದರ ಅತ್ಯಂತ ವಿಶಾಲವಾಗಿರುತ್ತದೆ. ಕಾಡಿನಲ್ಲಿ ಕಡಿಯತಕ್ಕ ವಯಸ್ಸು ಊರಿನಲ್ಲಿ ಉಳಿಸಿಕೊಳ್ಳತಕ್ಕ ವಯಸ್ಸು. ಒಂದು ಶಾಸ್ತ್ರದ ಪರಿಭಾಷೆಯನ್ನು ಇನ್ನೊಂದು ಪರಿಸರಕ್ಕೆ ಕೊಂಡೊಯ್ದಾಗ ಅದರ ಅರ್ಥವೇ ತಲೆಕೆಳಗಾಗುವುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಎಷ್ಟು ದಪ್ಪವಾದರೆ ಮರ?

ಗಿಡ ಯಾವಾಗ ಮರವಾಗುತ್ತದೆ? ಸಸ್ಯಶಾಸ್ತ್ರಕ್ಕೆ ಈ ಪ್ರಶ್ನೆ ಅಷ್ಟು ಮುಖ್ಯವಲ್ಲ. ಕಾನೂನಿಗೆ ಮಾತ್ರ ಒಂದು ಗೆರೆ ಬೇಕೇ ಬೇಕು. ದೆಹಲಿಯ ಕಾನೂನಿನಂತೆ, ನೆಲದಿಂದ 30 ಸೆಂಟಿಮೀಟರು ಎತ್ತರದಲ್ಲಿ ಕಾಂಡದ ವ್ಯಾಸ 5 ಸೆಂಟಿಮೀಟರಿಗೆ ಕಡಮೆಯಿಲ್ಲದೆ, ಎತ್ತರ 1 ಮೀಟರಿಗೆ ಕಡಮೆಯಿಲ್ಲದೆ ಇರುವ, ಕೊಂಬೆಗಳುಳ್ಳ ಕಾಷ್ಠಸಸ್ಯವು ಮರ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಖಾಸಗಿ ಜಾಗದ ಮರಕ್ಕೆ ಅನುಮತಿ ಬೇಕಾಗುವುದು, ನೆಲದಿಂದ 1.4 ಮೀಟರು ಎತ್ತರದಲ್ಲಿ ವ್ಯಾಸವು 30 ಸೆಂಟಿಮೀಟರು ಅಥವಾ ಹೆಚ್ಚು ಇದ್ದಾಗ. ಇಂಗ್ಲೆಂಡಿನ ಸಂರಕ್ಷಿತ ವಲಯಗಳಲ್ಲಿ 1.5 ಮೀಟರು ಎತ್ತರದಲ್ಲಿ ಏಳೂವರೆ ಸೆಂಟಿಮೀಟರು ಮೀರಿದ ವ್ಯಾಸವುಳ್ಳ ಮರವನ್ನು ಮುಟ್ಟುವ ಮೊದಲು ಆರು ವಾರಗಳ ಮುನ್ಸೂಚನೆ ಕೊಡಬೇಕು. ಅಷ್ಟರೊಳಗೆ, ಮರ ಯೋಗ್ಯವಾದುದೆಂದು ಕಂಡರೆ, ಆಡಳಿತವು ರಕ್ಷಣಾಜ್ಞೆ ಹೊರಡಿಸಬಹುದು.

ನಿಂತಿರುವ ಮರದ ವ್ಯಾಸವನ್ನು ಅಳೆಯುವುದಾದರೂ ಹೇಗೆ? ದರ್ಜಿಯ ಪಟ್ಟಿಯೊಂದಿದ್ದರೆ ಸಾಕು. ಕಾಂಡದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ದೊರೆಯುತ್ತದೆ. ಭಾರತದ ಅರಣ್ಯ ಇಲಾಖೆಗಳು ನೆಲದಿಂದ 1.37 ಮೀಟರು, ಎಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಅಳೆಯುವ ರೂಢಿ. ಇದು ಹೆಚ್ಚುಕಡಮೆ ಎದೆಯ ಮಟ್ಟ. ಬುಡದಲ್ಲಿ ಬೇರುಗಳ ಉಬ್ಬು ಇರುವುದರಿಂದ ಅಲ್ಲಿನ ಅಳತೆ ನಂಬಲರ್ಹವಲ್ಲ. ಟೊರಾಂಟೊ ನಗರದ 30 ಸೆಂಟಿಮೀಟರು ವ್ಯಾಸವೆಂದರೆ ಸುಮಾರು 94 ಸೆಂಟಿಮೀಟರು ಸುತ್ತಳತೆ. ದೆಹಲಿಯ 5 ಸೆಂಟಿಮೀಟರು ವ್ಯಾಸವೆಂದರೆ 16 ಸೆಂಟಿಮೀಟರಿಗೆ ತುಸು ಕಡಮೆ. ಗೆರೆಯನ್ನು ಮೇಲಕ್ಕೆಳೆದರೆ ನಾಳಿನ ಮರಗಳಾಗಬೇಕಾದ ಎಳೆಯ ಸಸಿಗಳಿಗೆ ರಕ್ಷಣೆಯಿರುವುದಿಲ್ಲ. ಕೆಳಕ್ಕೆಳೆದರೆ ಅರ್ಜಿಗಳ ರಾಶಿಯಲ್ಲಿ ಅಧಿಕಾರಿಯ ವೇಳೆಯೆಲ್ಲ ಕಳೆದುಹೋಗಿ ದೊಡ್ಡ ಮರವನ್ನು ಸರಿಯಾಗಿ ನೋಡುವುದಕ್ಕೆ ಪುರಸತ್ತು ಉಳಿಯುವುದಿಲ್ಲ.

ಪೊಳ್ಳು ಮರ ದುರ್ಬಲವೇ?

ಅರ್ಜಿಗಳಲ್ಲಿ ಅತ್ಯಂತ ಗಂಭೀರವಾದ ಕಾರಣವೆಂದರೆ ಅಪಾಯ. ಮುಂಗಾರಿಗೆ ಮುಂಚಿನ ಏಪ್ರಿಲ್–ಮೇ ತಿಂಗಳ ಬಿರುಮಳೆಯಲ್ಲಿ ಬೆಂಗಳೂರಿನಲ್ಲಿ ಮರಗಳು ಉರುಳುವುದು, ಕೆಲವು ಸಲ ಪ್ರಾಣಹಾನಿಯೂ ಆಗುವುದು ಎಲ್ಲರಿಗೂ ತಿಳಿದ ವಿಷಯ. ಆದುದರಿಂದ ‘ಈ ಮರ ಬೀಳುತ್ತದೆಯೇ?’ ಎಂಬ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹೆದರಿಕೆಯ ಮಾತನ್ನೇ ಉತ್ತರವೆಂದು ಒಪ್ಪಿಕೊಳ್ಳುವಂತೆಯೂ ಇಲ್ಲ.

ಜನರನ್ನು ಹೆಚ್ಚಾಗಿ ಹೆದರಿಸುವುದು ಪೊಳ್ಳು ಕಾಂಡ. ಆದರೆ ಮರದ ನಡುವಿನ ತಿರುಳು ಬಹುಮಟ್ಟಿಗೆ ನಿರ್ಜೀವವಾದ ಕಾಷ್ಠ. ನೀರನ್ನೂ ಆಹಾರವನ್ನೂ ಸಾಗಿಸುವ ಜೀವಂತ ಭಾಗವಿರುವುದು ಹೊರಗಡೆ, ತೊಗಟೆಗೆ ಸಮೀಪದಲ್ಲಿ. ತಿರುಳು ಕೊಳೆತರೂ ಮರ ಬದುಕಿರುತ್ತದೆ. ಬಲದ ಮಾತೇನು? ಬಾಗುವಿಕೆಯನ್ನು ತಡೆಯುವ ದುಂಡುಕಂಬದ ಬಿಗಿತವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ ಎಂದು ಯಂತ್ರಶಾಸ್ತ್ರವು ಹೇಳುತ್ತದೆ. ಕಾಂಡದ ತ್ರಿಜ್ಯದಲ್ಲಿ ಹತ್ತರಲ್ಲಿ ಏಳು ಪಾಲು ಪೊಳ್ಳಾಗಿದೆಯೆಂದು ಇಟ್ಟುಕೊಳ್ಳಿ. 0.7ನ್ನು ನಾಲ್ಕು ಸಲ ಗುಣಿಸಿದರೆ 0.24 ಬರುತ್ತದೆ. ಎಂದರೆ ಕಳೆದುಹೋದ ಬಿಗಿತ ನೂರಕ್ಕೆ 24 ಮಾತ್ರ. ಉಳಿದ 76 ಪಾಲು ಹೊರಗೋಡೆಯಲ್ಲಿಯೇ ಇದೆ. ಬಿದಿರು ಪೊಳ್ಳಾಗಿದ್ದೂ ಗಟ್ಟಿಯಾಗಿರುವ ರಹಸ್ಯವೂ ಇದೇ. ಪೊಳ್ಳು ಇನ್ನೂ ಹೆಚ್ಚಿ ಹತ್ತರಲ್ಲಿ ಒಂಬತ್ತು ಪಾಲಾದರೆ ಉಳಿಯುವುದು ನೂರಕ್ಕೆ 34 ಮಾತ್ರ. ಗೋಡೆಯಲ್ಲಿ ಬಿರುಕೋ ಬಾಯಿಯೋ ತೆರೆದುಕೊಂಡಿದ್ದರಂತೂ ಈ ಲೆಕ್ಕವೂ ನಿಲ್ಲುವುದಿಲ್ಲ. ಆದಕಾರಣ ಪೊಳ್ಳಿದೆಯೇ ಎಂದು ಕೇಳಿದರೆ ಸಾಲದು, ಗೋಡೆ ಎಷ್ಟು ದಪ್ಪ ಉಳಿದಿದೆ ಎಂದು ಕೇಳಬೇಕು.

ಇದನ್ನು ತಿಳಿಯುವ ಹಳೆಯ ಉಪಾಯವೆಂದರೆ ಮರದ ಕೊಡತಿಯಿಂದ ಕಾಂಡವನ್ನು ಸುತ್ತಲೂ ತಟ್ಟಿ ಸದ್ದನ್ನು ಆಲಿಸುವುದು. ಈಗ ಸೂಜಿಯಂಥ ಸಣ್ಣ ಬೈರಿಗೆಯನ್ನು ಒಳಕ್ಕೆ ತೂರಿಸಿ, ಕಾಷ್ಠವು ಒಡ್ಡುವ ಪ್ರತಿರೋಧವನ್ನು ದಾಖಲಿಸುವ ಉಪಕರಣಗಳಿವೆ. ಕಾಂಡದ ಸುತ್ತ ಸಂವೇದಕಗಳನ್ನು ಕಟ್ಟಿ, ಶಬ್ದದ ಅಲೆಗಳು ಒಳಗೆ ಹಾಯುವ ವೇಗದಿಂದ ಕೊಳೆತ ಭಾಗದ ಚಿತ್ರವನ್ನು ರಚಿಸುವ ವಿಧಾನವೂ ಇದೆ. ಗಟ್ಟಿಯಾದ ಕಾಷ್ಠದಲ್ಲಿ ಶಬ್ದ ಬೇಗ ಸಾಗುತ್ತದೆ, ಕೊಳೆತಲ್ಲಿ ಸುತ್ತಿಬಳಸಿ ತಡವಾಗಿ ತಲಪುತ್ತದೆ.

ಕಾಂಡಕ್ಕಿಂತಲೂ ಹೆಚ್ಚು ಮೋಸ ಮಾಡುವುದು ಬೇರು. ಗಾಳಿಯ ಒತ್ತಡವು ವೇಗದ ವರ್ಗವನ್ನು ಅನುಸರಿಸುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಈ ಒತ್ತಡವನ್ನೆಲ್ಲ ಕೊನೆಗೆ ತಡೆಯಬೇಕಾದುದು ನೆಲದ ಮೇಲ್ಪದರದಲ್ಲಿ ಹರಡಿಕೊಂಡಿರುವ ಬೇರುಗಳು. ಚರಂಡಿಗೋ ಕೊಳವೆಗೋ ಕಾಲುವೆ ತೋಡುವವರು ಒಂದು ಪಕ್ಕದ ಬೇರುಗಳನ್ನೆಲ್ಲ ಕತ್ತರಿಸಿಬಿಟ್ಟರೆ ಮೇಲೆ ಹಸುರಾಗಿ ನಳನಳಿಸುತ್ತಿರುವ ಮರವೇ ಮೊದಲು ಉರುಳಬಹುದು. ಬುಡದವರೆಗೂ ಕಾಂಕ್ರೀಟು ಹಾಕಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಬುಡದ ಬಳಿ ತಟ್ಟೆಯಂಥ ಅಣಬೆಗಳು ಮೂಡಿರುವುದು, ಒಂದು ಪಕ್ಕದ ಮಣ್ಣು ಹೊಸದಾಗಿ ಬಿರಿದು ಮೇಲೆದ್ದಿರುವುದು, ಇದ್ದಕ್ಕಿದ್ದಂತೆ ವಾಲು ಹೆಚ್ಚಿರುವುದು, ಇವು ಅಪಾಯದ ಲಕ್ಷಣಗಳು. ಎಷ್ಟೋ ವರ್ಷಗಳಿಂದ ಓರೆಯಾಗಿಯೇ ಬೆಳೆದ ಮರವು ಆ ಓರೆಗೆ ತಕ್ಕಂತೆ ಬೇರನ್ನೂ ಕಾಷ್ಠವನ್ನೂ ಬಲಪಡಿಸಿಕೊಂಡಿರುತ್ತದೆ. ಓರೆ ಎಂಬುದೊಂದೇ ಅದರ ಮೇಲಣ ಆರೋಪವಾಗಲಾರದು. ಗುಲ್‌ಮೊಹರಿನಂಥ, ಕಾಷ್ಠ ಮೃದುವಾಗಿಯೂ ಬೇರು ಮೇಲೆ ಮೇಲೆಯೂ ಇರುವ ಜಾತಿಗಳನ್ನು ಹೆಚ್ಚು ಎಚ್ಚರಿಕೆಯಿಂದ ನೋಡಬೇಕಾಗುತ್ತದೆ.

ಪರೀಕ್ಷೆಯ ಫಲ ‘ಕಡಿ’ ಅಥವಾ ‘ಬಿಡು’ ಎಂಬ ಎರಡೇ ಮಾತಾಗಬೇಕಾಗಿಲ್ಲ. ಮನೆಯ ಮೇಲೆ ಚಾಚಿದ ಒಂದು ರೆಂಬೆಯನ್ನು ತೆಗೆದರೆ ಅಪಾಯ ನೀಗುವುದಾದರೆ ಮರವನ್ನೇ ತೆಗೆಯುವುದೇಕೆ? ಇನ್ನು ಕೆಲವು ಸಂದರ್ಭಗಳಲ್ಲಿ ತಡಮಾಡುವುದೇ ತಪ್ಪು. ಕೂಡಲೇ ಕಡಿಯದಿದ್ದರೆ ಪ್ರಾಣಕ್ಕೆ ಘೋರ ಅಪಾಯವಿದೆಯೆಂದಾದರೆ ಮೊದಲು ಕಡಿದು, 24 ಗಂಟೆಗಳೊಳಗೆ ಅಧಿಕಾರಿಗೆ ತಿಳಿಸಬಹುದೆಂದು ದೆಹಲಿಯ ಕಾನೂನು ಅವಕಾಶ ಕೊಟ್ಟಿದೆ.

ಗೋಡೆಯ ಬಿರುಕು

ಅರ್ಜಿದಾರರ ಮತ್ತೊಂದು ಸಾಮಾನ್ಯ ದೂರು: ‘ಬೇರು ಗೋಡೆಯನ್ನು ಸೀಳುತ್ತಿದೆ.’ ಇದರಲ್ಲಿ ಸತ್ಯವೂ ಉಂಟು, ತಪ್ಪು ತಿಳಿವಳಿಕೆಯೂ ಉಂಟು. ಹಗುರವಾದ ಆವರಣದ ಗೋಡೆಯನ್ನೂ ಪಾದಚಾರಿ ಮಾರ್ಗದ ಕಲ್ಲನ್ನೂ ದಪ್ಪವಾಗುತ್ತಿರುವ ಬೇರು ಎತ್ತಬಲ್ಲದು. ಭಾರವಾದ ಮನೆಯ ತಳಹದಿಯನ್ನು ನೂಕುವುದು ಅದಕ್ಕೆ ಸುಲಭವಲ್ಲ. ಅಡ್ಡಿ ಸಿಕ್ಕಿದಲ್ಲಿ ಬೇರು ಸಾಮಾನ್ಯವಾಗಿ ತಿರುಗಿಕೊಳ್ಳುತ್ತದೆ. ಆದರೆ ಮೊದಲೇ ಬಿರುಕು ಬಿಟ್ಟು ನೀರು ಸೋರುವ ಕೊಳವೆಯನ್ನು ಅದು ಹುಡುಕಿಕೊಂಡು ಹೋಗುತ್ತದೆ. ನೋಡಿದವರಿಗೆ ಬೇರೇ ಕೊಳವೆಯನ್ನು ಒಡೆಯಿತೆಂದು ತೋರುತ್ತದೆ.

ಮನೆಯ ತಳಹದಿಗೆ ನಿಜವಾದ ಅಪಾಯ ಬರುವುದು ಮಣ್ಣಿನ ಮೂಲಕ. ಕೆಲವು ಜೇಡಿಮಣ್ಣುಗಳು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತವೆ. ಬೇಸಗೆಯಲ್ಲಿ ಮರವು ಇಂಥ ಮಣ್ಣಿನಿಂದ ನೀರನ್ನು ಹೀರಿದರೆ ತಳಹದಿಯ ಒಂದು ಮೂಲೆ ಕುಸಿಯಬಹುದು. 1976ರ ಬರಗಾಲದಲ್ಲಿ ಇಂಗ್ಲೆಂಡಿನ ಜೇಡಿನೆಲದ ಮೇಲಣ ಅನೇಕ ಮನೆಗಳು ಹೀಗೆ ಬಿರುಕುಬಿಟ್ಟವು. ಉತ್ತರ ಕರ್ನಾಟಕದ ಎರೆಮಣ್ಣೂ ಇದೇ ಸ್ವಭಾವದ್ದು. ಬೆಂಗಳೂರಿನ ಕೆಮ್ಮಣ್ಣು ಅಷ್ಟಾಗಿ ಉಬ್ಬುಕುಗ್ಗುವಂಥದಲ್ಲ. ಆದುದರಿಂದ ಒಂದೇ ಜಾತಿಯ ಮರ, ಒಂದೇ ಬಗೆಯ ಬಿರುಕು ಇದ್ದರೂ ಎರಡು ಊರುಗಳಲ್ಲಿ ತೀರ್ಪು ಬೇರೆಯಾಗಬಹುದು, ಆಗುವುದೇ ನ್ಯಾಯ.

ಒಂದಕ್ಕೆ ಎಷ್ಟು ಸಮ?

ಅನುಮತಿ ದೊರೆಯಿತೆನ್ನೋಣ. ಅಲ್ಲಿಗೆ ಕಥೆ ಮುಗಿಯುವುದಿಲ್ಲ. ಅಧಿಕಾರಿ ಹೇಳಿದ ಸಂಖ್ಯೆಯ, ಹೇಳಿದ ಜಾತಿಯ ಗಿಡಗಳನ್ನು ಅದೇ ಸ್ಥಳದಲ್ಲಿ ನೆಡಬೇಕಾದುದು ಅನುಮತಿ ಪಡೆದವನ ಕರ್ತವ್ಯ. ಕಾರಣಗಳನ್ನು ಬರೆದಿಟ್ಟು ಅಧಿಕಾರಿಯು ಬೇರೆ ಸ್ಥಳವನ್ನು ತೋರಿಸಬಹುದು, ಸಂಖ್ಯೆಯನ್ನು ಕಡಮೆಮಾಡಬಹುದು. ಹಾಗಾದರೆ ಒಂದು ಮರಕ್ಕೆ ಎಷ್ಟು ಸಸಿ ಸಮ?

ಲೆಕ್ಕ ಮಾಡಿ ನೋಡೋಣ. ಹಂದರದ ವ್ಯಾಸ 12 ಮೀಟರು ಇರುವ ಮರವು ಸುಮಾರು 113 ಚದರ ಮೀಟರು ನೆಲಕ್ಕೆ ನೆರಳು ಕೊಡುತ್ತದೆ. ಹಂದರ 1 ಮೀಟರು ಇರುವ ಸಸಿ ಕೊಡುವ ನೆರಳು 0.785 ಚದರ ಮೀಟರು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 144. ಒಂದು ಮರದ ಇಂದಿನ ನೆರಳಿಗೆ 144 ಸಸಿಗಳು ಬೇಕು! ಅಷ್ಟಕ್ಕೆ ಜಾಗವಿಲ್ಲ, ಇದ್ದರೂ ಅವು ಬೆಳೆದ ಮೇಲೆ ಒಂದನ್ನೊಂದು ತುಳಿಯುತ್ತವೆ. ಒಂದಕ್ಕೊಂದು ನೆಟ್ಟರೆ ಸಾಲವು ತೀರುವುದು ಆ ಸಸಿ ಬದುಕಿ, 12 ಮೀಟರು ಹರಡಿಕೊಂಡ ದಿನ. ಅಲ್ಲಿಯವರೆಗಿನ ವರ್ಷಗಳ ನೆರಳನ್ನು ಯಾವ ಸಸಿಯೂ ಹಿಂದಿರುಗಿಸಲಾರದು.

ಈ ಕಷ್ಟವನ್ನು ಅರಿತು ಹಲವು ಬಗೆಯ ತಕ್ಕಡಿಗಳನ್ನು ಕಲ್ಪಿಸಿದ್ದಾರೆ. ಮಹಾರಾಷ್ಟ್ರವು 2021ರಲ್ಲಿ ತನ್ನ ಕಾನೂನನ್ನು ತಿದ್ದಿ, 50 ವರ್ಷ ತುಂಬಿದ ಮರಗಳನ್ನು ಪಾರಂಪರಿಕ ವೃಕ್ಷಗಳೆಂದು ಗುರುತಿಸಿತು. ಕಡಿದ ಮರದ ವಯಸ್ಸು ಎಷ್ಟೋ ಅಷ್ಟು ಸಂಖ್ಯೆಯ ಗಿಡಗಳನ್ನು ನೆಡಬೇಕೆಂದು ವಿಧಿಸಿತು. ಅರವತ್ತು ವರ್ಷದ ಮರಕ್ಕೆ ಅರವತ್ತು ಗಿಡ. ಪಶ್ಚಿಮ ಬಂಗಾಳದ ರೈಲ್ವೆ ಮೇಲ್ಸೇತುವೆಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ನೇಮಿಸಿದ್ದ ತಜ್ಞರ ಸಮಿತಿಯು ಮರದ ಬೆಲೆಯನ್ನು ವರ್ಷಕ್ಕೆ 74,500 ರೂಪಾಯಿಯಂತೆ ವಯಸ್ಸಿನಿಂದ ಗುಣಿಸಬೇಕೆಂದು ಸೂಚಿಸಿತು. ಅಂಥ ಅಂಕಿಗಳ ಬಗ್ಗೆ ವಾದ ಮಾಡಬಹುದು. ಆದರೆ ಎರಡರಲ್ಲಿಯೂ ಒಂದು ಸಮಾನವಾದ ಅಂಶವಿದೆ: ಮರವನ್ನು ತಲೆಯೆಣಿಕೆಯಿಂದ ಲೆಕ್ಕಮಾಡದೆ ಕಾಲದಿಂದ ಲೆಕ್ಕಮಾಡುವುದು. ದೆಹಲಿ ಸರ್ಕಾರವು 2020ರಲ್ಲಿ ಮತ್ತೊಂದು ಮಾರ್ಗವನ್ನು ಹಿಡಿಯಿತು. ಕಾಮಗಾರಿಗೆ ಅಡ್ಡಬರುವ ಮರಗಳಲ್ಲಿ ನೂರಕ್ಕೆ 80ನ್ನು ಕಿತ್ತು ಬೇರೆಡೆ ನೆಡಬೇಕು, ಹಾಗೆ ನೆಟ್ಟವುಗಳಲ್ಲಿ ನೂರಕ್ಕೆ 80 ಒಂದು ವರ್ಷದ ಮೇಲೂ ಬದುಕಿರಬೇಕು ಎಂಬುದು ಅದರ ನೀತಿ. ಕಿತ್ತು ನೆಡುವಾಗ ನೀರು ಹೀರುವ ಎಳೆಬೇರುಗಳ ಬಹುಭಾಗ ಹಿಂದೆಯೇ ಉಳಿದುಹೋಗುವುದರಿಂದ ದೊಡ್ಡ ಮರಗಳನ್ನು ಬದುಕಿಸುವುದು ಕಷ್ಟ. ನೆಟ್ಟ ದಿನವಲ್ಲ, ವರ್ಷ ಕಳೆದ ಮೇಲೆ ಎಣಿಸಬೇಕೆಂಬ ತತ್ತ್ವ ಮಾತ್ರ ಸರಿಯಾದುದು.

ಬಿಡಿ ಮರಗಳ ಮೊತ್ತ

ಮನೆಯೊಡೆಯನ ಅರ್ಜಿಯಲ್ಲಿ ಒಂದೋ ಎರಡೋ ಮರಗಳಿದ್ದರೆ ಸಾರ್ವಜನಿಕ ಕಾಮಗಾರಿಗಳಲ್ಲಿ ನೂರಾರು. ಕರ್ನಾಟಕದ ಕಾನೂನಿಗೆ ಅನಂತರ ಬಂದ ತಿದ್ದುಪಡಿಯಂತೆ, ಸಾರ್ವಜನಿಕ ಉದ್ದೇಶಕ್ಕಾಗಿ ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದಲ್ಲಿ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆಗಳನ್ನು ಕೇಳಬೇಕು. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲುಸೇತುವೆಯನ್ನು ಕಟ್ಟುವ ಯೋಜನೆಯಲ್ಲಿ 812 ಮರಗಳು ಹೋಗಬೇಕಾಗಿದ್ದವು. 2016ರ ಅಕ್ಟೋಬರಿನಲ್ಲಿ ನಾಗರಿಕರು ಬೀದಿಯುದ್ದಕ್ಕೂ ಕೈಕೈ ಹಿಡಿದು ನಿಂತು ಪ್ರತಿಭಟಿಸಿದರು. 2017ರ ಮಾರ್ಚಿಯಲ್ಲಿ ಸರ್ಕಾರವು ಯೋಜನೆಯನ್ನೇ ಕೈಬಿಟ್ಟಿತು.

812 ಮರಗಳು ಒಂದೇ ರಸ್ತೆಯಲ್ಲಿ ನಿಂತಿದ್ದುದರಿಂದ ಎಲ್ಲರ ಕಣ್ಣಿಗೂ ಕಂಡವು. ಬೇರೆ ಬೇರೆ ಬಡಾವಣೆಗಳ 812 ಹಿತ್ತಿಲುಗಳಿಂದ ಒಂದೊಂದೇ ಹೋದ ಮರಗಳನ್ನು ಯಾರು ಕಾಣಬೇಕು? ಅವಕ್ಕೆ ಮೆರವಣಿಗೆಯಿಲ್ಲ, ಸುದ್ದಿಯಿಲ್ಲ. ಪ್ರತಿಯೊಂದು ಅರ್ಜಿಯೂ ಬಿಡಿಬಿಡಿಯಾಗಿ ನೋಡಿದಾಗ ನ್ಯಾಯವಾಗಿಯೇ ಕಾಣುತ್ತದೆ. ಒಟ್ಟು ಸೇರಿದಾಗ ಮಾತ್ರ ಊರು ಬೋಳಾಗಿರುತ್ತದೆ. ಒಬ್ಬೊಬ್ಬನ ಅರ್ಜಿಯನ್ನೂ ಮರದ ಬುಡದಲ್ಲಿ ನಿಂತು ನೋಡಬೇಕೆಂಬ ನಿಯಮಕ್ಕೆ ಬೆಲೆ ಬರುವುದು ಇಲ್ಲಿಯೇ. ಟೊರಾಂಟೊದಲ್ಲಿ ಅರ್ಜಿಯ ವಿಷಯವನ್ನು ಫಲಕದಲ್ಲಿ ಬರೆದು ಆ ನಿವೇಶನದಲ್ಲಿಯೇ ನಿಲ್ಲಿಸುವ ಪದ್ಧತಿಯುಂಟು. ಬೀದಿಯವರಿಗೆ ಮರ ಹೋದ ಮೇಲೆ ಸುದ್ದಿ ತಿಳಿಯುವ ಬದಲು ಹೋಗುವ ಮೊದಲೇ ತಿಳಿಯುತ್ತದೆ.

ಎರಡು ಬಗೆಯ ತಪ್ಪು

ವೃಕ್ಷಾಧಿಕಾರಿಯು ಎರಡು ಬಗೆಯಲ್ಲಿ ತಪ್ಪಬಹುದು. ಬೀಳಲಿರುವ ಮರವನ್ನು ಉಳಿಸಿಬಿಡಬಹುದು. ನೂರು ವರ್ಷ ನಿಲ್ಲಬಲ್ಲ ಮರವನ್ನು ಕಡಿಸಿಬಿಡಬಹುದು. ಮೊದಲನೆಯ ತಪ್ಪು ಒಂದು ಬಿರುಗಾಳಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ; ಅದರ ಹೊಣೆ ಹೊರಬೇಕಾದವನು ಯಾರೆಂಬುದೂ ಗೊತ್ತಾಗುತ್ತದೆ. ಎರಡನೆಯ ತಪ್ಪು ಎಂದಿಗೂ ಬಯಲಾಗುವುದಿಲ್ಲ. ಕಡಿದ ಮರ ಬೀಳುತ್ತಿತ್ತೋ ಇಲ್ಲವೋ ಎಂಬುದನ್ನು ಸಿದ್ಧಪಡಿಸಲು ಆ ಮರವೇ ಇರುವುದಿಲ್ಲವಷ್ಟೆ. ಆದುದರಿಂದ ಭಯವು ಯಾವಾಗಲೂ ತಕ್ಕಡಿಯನ್ನು ಕಡಿಯುವ ಕಡೆಗೇ ವಾಲಿಸುತ್ತದೆ. ಇದಕ್ಕೆ ಪ್ರತಿತೂಕವಾಗಬಲ್ಲದ್ದು ಒಂದೇ: ಎಚ್ಚರಿಕೆಯ ಪರೀಕ್ಷೆ, ಅದರ ಫಲವನ್ನು ಬರೆದಿಡುವುದು, ಆ ಬರವಣಿಗೆಯನ್ನು ಯಾರು ಬೇಕಾದರೂ ನೋಡುವಂತಿರುವುದು. ಅಳೆದು ಬರೆದಿಟ್ಟ ಕಾರಣವನ್ನು ಪ್ರಶ್ನಿಸಬಹುದು, ತಿದ್ದಬಹುದು; ‘ಅಪಾಯಕಾರಿ’ ಎಂಬ ಒಂದೇ ಮಾತನ್ನು ಏನೂ ಮಾಡಲಾಗದು.

ಬೆಂಗಳೂರಿನ ಮರಗಳು ತಾವಾಗಿಯೇ ಬೆಳೆದವಲ್ಲ. 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ಉದ್ಯಾನಶಾಸ್ತ್ರಜ್ಞ ಜಿ. ಎಚ್. ಕ್ರುಂಬಿಗಲ್ ಅವರು, ಒಂದು ಜಾತಿಯ ಹೂ ಮುಗಿಯುತ್ತಿದ್ದಂತೆ ಮತ್ತೊಂದು ಜಾತಿ ಅರಳುವಂತೆ ಬೀದಿಮರಗಳನ್ನು ಯೋಜಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಸುಮಾರು 15 ಲಕ್ಷ ಗಿಡಗಳು ನಗರದಲ್ಲಿ ನೆಡಲ್ಪಟ್ಟವು. ಅವುಗಳಲ್ಲಿ ಉಳಿದವು ಈಗ ನಲವತ್ತು ದಾಟಿವೆ. ಅವು ಗೋಡೆಗೆ ತಾಗುವ, ತಂತಿಗೆ ತಗಲುವ, ಅರ್ಜಿಗಳಿಗೆ ವಿಷಯವಾಗುವ ವಯಸ್ಸು ಇದು. ಅತಿ ಹೆಚ್ಚು ನೆರಳು ಕೊಡುವ ವಯಸ್ಸೂ ಇದೇ.

ವಿದ್ಯಾರ್ಥಿಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸವೊಂದುಂಟು. ನಿಮ್ಮ ಬೀದಿಯ ಮರಗಳನ್ನು ಒಂದು ಟಿಪ್ಪಣಿ ಪುಸ್ತಕದಲ್ಲಿ ಪಟ್ಟಿಮಾಡಿ. ಜಾತಿಯನ್ನು ಗುರುತಿಸಿ, ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆಯನ್ನು ತೆಗೆಯಿರಿ. ನಡುಹಗಲಿನಲ್ಲಿ ನೆರಳಿನ ಅಗಲವನ್ನು ಹೆಜ್ಜೆಯಿಂದ ಅಳೆಯಿರಿ. ಬುಡದಲ್ಲಿ ಕಾಂಕ್ರೀಟಿದೆಯೇ, ಅಣಬೆಯಿದೆಯೇ, ಕತ್ತರಿಸಿದ ಬೇರಿದೆಯೇ ಎಂದು ನೋಡಿ ಬರೆಯಿರಿ. ಮರುವರ್ಷ ಅದೇ ತಿಂಗಳಲ್ಲಿ ಮತ್ತೊಮ್ಮೆ ಅಳೆಯಿರಿ. ಮುಂದೆ ಎಂದಾದರೂ ಅವುಗಳಲ್ಲೊಂದರ ಮೇಲೆ ಅರ್ಜಿ ಬಂದಾಗ, ಆ ಮರದ ಓರೆ ಹೊಸದೋ ಹಳೆಯದೋ ಎಂಬುದನ್ನು ಖಚಿತವಾಗಿ ಹೇಳಬಲ್ಲ ದಾಖಲೆಯು ನಿಮ್ಮ ಪುಸ್ತಕದಲ್ಲಿ ಇದ್ದೀತು.